ಗೋಧಿ ತಿಂದ ಹಸುಗಳಿಗೆ ಏನಾಯಿತು?

ಹಸುವಿಗೆ ಹಿಂಡಿ ಎಷ್ಟು, ಹುಲ್ಲು ಎಷ್ಟು ಎಂಬುದು ಬಹುಕಾಲ ಕೈಅಂದಾಜಿನ ವಿಷಯವಾಗಿತ್ತು. ಜರ್ಮನಿಯ ಎಮಿಲ್ ವೋಲ್ಫ್ 1864ರಲ್ಲಿ ಇದಕ್ಕೆ ರಸಾಯನಶಾಸ್ತ್ರದ ಲೆಕ್ಕ ಕೊಟ್ಟರು. ಸಸಾರಜನಕ, ಪಿಷ್ಟ, ಕೊಬ್ಬು ಇಷ್ಟಿಷ್ಟು ಇದ್ದರಾಯಿತು. ಯಾವ ಬೆಳೆಯಿಂದ ಬಂದರೂ ಒಂದೇ ಎಂಬ ನಂಬಿಕೆ ಅದರೊಂದಿಗೆ ಬೇರೂರಿತು.

ಇದನ್ನು ಒಪ್ಪದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್. ಹಾಲಿನ ಜಿಡ್ಡು ಅಳೆಯುವ ಪರೀಕ್ಷೆ ಕಂಡುಹಿಡಿದವರೂ ಇವರೇ. ಈ ಲೆಕ್ಕ ನಿಜವಾದರೆ ಹಂದಿಗೆ ಕಲ್ಲಿದ್ದಲು, ಹಳೇ ಚರ್ಮ ತಿನ್ನಿಸಬಹುದಲ್ಲ ಎಂದು ಅವರು ನಗೆಯಾಡುತ್ತಿದ್ದರಂತೆ.

1907ರಲ್ಲಿ ಅವರ ಸಹೋದ್ಯೋಗಿಗಳು 16 ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮೆಕ್ಕೆಜೋಳ, ಒಂದಕ್ಕೆ ಗೋಧಿ, ಒಂದಕ್ಕೆ ಓಟ್ಸ್, ಕೊನೆಯದಕ್ಕೆ ಮೂರರ ಮಿಶ್ರಣ. ಕಾಳೂ ಅದೇ ಬೆಳೆಯದು, ಹುಲ್ಲೂ ಅದೇ ಬೆಳೆಯದು. ಕಾಗದದ ಮೇಲೆ ನಾಲ್ಕೂ ಸರಿಸಮ.

ಕೊಟ್ಟಿಗೆಯಲ್ಲಿ ಮಾತ್ರ ಬೇರೆಯೇ ಆಯಿತು. ಮೆಕ್ಕೆಜೋಳ ತಿಂದವು ಮೈತುಂಬಿಕೊಂಡು ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿಯ ಗುಂಪಿನವು ಬಡಕಲಾದವು, ಕಣ್ಣು ಕಾಣದಾದವು. ಅವು ದಿನ ತುಂಬುವ ಮುನ್ನವೇ ಹಾಕಿದ ಕರುಗಳು ಉಳಿಯಲಿಲ್ಲ.

1911ರ ವರದಿಯಲ್ಲಿ ಫಲಿತಾಂಶವಿತ್ತು, ಕಾರಣವಿರಲಿಲ್ಲ. ಹಸುಗಳ ಮೇಲಿನ ಪ್ರಯೋಗಕ್ಕೆ ವರ್ಷಗಳೇ ಬೇಕು. ಹಾಗಾಗಿ ತಂಡದ ಎಲ್ಮರ್ ಮೆಕಾಲಮ್ ಇಲಿಗಳನ್ನು ಸಾಕಿದರು. ಅವರೂ ಮಾರ್ಗರೀಟ್ ಡೇವಿಸ್ ಅವರೂ 1913ರಲ್ಲಿ ಬೆಣ್ಣೆಯ ಜಿಡ್ಡಿನಲ್ಲಿ ಬೆಳವಣಿಗೆಗೆ ಬೇಕೇ ಬೇಕಾದ ಅಂಶವೊಂದನ್ನು ಗುರುತಿಸಿದರು. ಮುಂದೆ ಅದೇ ‘ಎ’ ಜೀವಸತ್ವವೆನಿಸಿತು. ಹಳದಿ ಮೆಕ್ಕೆಜೋಳದಲ್ಲಿ ಅದರ ಮೂಲವಸ್ತುವಿದೆ. ಗೋಧಿಯ ಕಾಳಿನಲ್ಲೂ ಒಣಹುಲ್ಲಿನಲ್ಲೂ ಅದು ಇಲ್ಲವೆಂಬಷ್ಟು ಕಡಿಮೆ.