ಟಪಾಲು ಘಾಟು ಏರುತ್ತಿದ್ದ ಕಾಲ

ಪುಣೆ-ಮಿರಜ ರೈಲುಹಾದಿಯಲ್ಲಿ ವಾಠಾರ ಎಂಬ ಸಣ್ಣ ಸ್ಟೇಷನ್ನಿದೆ. ಈಗ ಅಲ್ಲಿ ಇಳಿಯುವವರು ಹೆಚ್ಚಾಗಿ ಸುತ್ತಮುತ್ತಲ ಹಳ್ಳಿಯವರು. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯವರು ಈ ಮೀಟರ್ ಗೇಜ್ ಹಾದಿ ಹಾಕಿದಾಗ ಮಾತ್ರ ವಾಠಾರದ ಗತ್ತೇ ಬೇರೆ ಇತ್ತು. ಪುಣೆಯಿಂದಾಗಲಿ, ನಮ್ಮ ಮಿರಜ-ಬೆಳಗಾವಿ ಕಡೆಯಿಂದಾಗಲಿ ಮಹಾಬಳೇಶ್ವರಕ್ಕೆ ಹೊರಟವರು ಇಲ್ಲೇ ಇಳಿದು ಟಾಂಗಾ ಹಿಡಿಯುತ್ತಿದ್ದರು. ವಾಯಿ ದಾಟಿ, ಪಸರಣಿ ಘಾಟು ಹತ್ತಿ, ಪಂಚಗಣಿ ಹಾದು ಬೆಟ್ಟ ಮುಟ್ಟಲು ಸುಮಾರು 40 ಮೈಲಿ. ಸಾಹೇಬರು ಹೋದರು, ಅವರ ಹಿಂದೆ ಅವರ ಟಪಾಲೂ ಹೋಯಿತು. ನನಗೆ ಬೇಕಾದದ್ದು ಆ ಟಪಾಲಿನ ಕತೆ.

ನಾನು ಮಿರಜದ ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಟಪಾಲು ಸೇವೆಯಲ್ಲಿ, ಸಾರ್ಟರ್ ಆಗಿದ್ದು ನಿವೃತ್ತನಾದವನು. ಮನೆಮಾತು ಕನ್ನಡ, ಪೇಟೆಮಾತು ಮರಾಠಿ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬೆಟ್ಟದ ಚೀಲ ಮೋಟಾರಿನಲ್ಲಿ ಹೋಗುತ್ತಿತ್ತು, ಟಾಂಗಾದ ಮಾತು ಹಿರಿಯರ ಬಾಯಲ್ಲಿ ಮಾತ್ರ ಉಳಿದಿತ್ತು. ಆದರೆ ಚೀಲ ಕಟ್ಟುವ ರೀತಿ ಬದಲಾಗಿರಲಿಲ್ಲ. ಬಾಯಿ ಒತ್ತಾಗಿ ಮಡಚಿ, ಸುತಳಿ ಬಿಗಿದು, ಊರಿನ ಹೆಸರಿನ ಚೀಟಿ ಸೇರಿಸಿ, ಗಂಟಿನ ಮೇಲೆ ಅರಗು ಸುರಿದು, ಅದು ಆರುವ ಮೊದಲೇ ಹಿತ್ತಾಳೆಯ ಮುದ್ರೆ ಒತ್ತಬೇಕು. ಕೈ ತಡವಾದರೆ ಅಕ್ಷರ ಮೂಡುವುದಿಲ್ಲ, ಅಕ್ಷರ ಮೂಡದ ಚೀಲವನ್ನು ಮುಂದಿನವನು ಮುಟ್ಟುವುದಿಲ್ಲ. ದೂರದಲ್ಲಿ ಕುಳಿತವನೊಬ್ಬ ಇಲ್ಲಿಯ ಕೆಲಸ ಮಾಡಬೇಕಾದರೆ ನಡುವೆ ಎಷ್ಟು ಕೈಗಳು ನೆಟ್ಟಗಿರಬೇಕು ಎಂಬುದು ನನಗೆ ತಿಳಿದದ್ದು ಆ ಅರಗಿನ ಮುಂದೆ ಕುಳಿತು.

ಬೆಟ್ಟವನ್ನು ಊರು ಮಾಡಿದವರ ಹೆಸರು ಅಲ್ಲಿಯ ಹಲಗೆಗಳ ಮೇಲೆಲ್ಲ ಇವೆ. 1824ರಲ್ಲಿ ಸಾತಾರೆಯಲ್ಲಿದ್ದ ಸೇನಾಧಿಕಾರಿ ಲಾಡ್ವಿಕ್ ಕಾಡು ಸೀಳಿಕೊಂಡು ಮೇಲೆ ಹತ್ತಿದ. ಮುಂಬಯಿ ಗವರ್ನರ್ ಜಾನ್ ಮಾಲ್ಕಮ್ ಅಲ್ಲಿ ಆರೋಗ್ಯಧಾಮ ಕಟ್ಟಬೇಕೆಂದು ಹಠ ಹಿಡಿದ. 1829ರಲ್ಲಿ ಸಾತಾರೆಯ ಛತ್ರಪತಿ ಪ್ರತಾಪಸಿಂಹರು ಬೆಟ್ಟವನ್ನು ಕಂಪನಿಗೆ ಬಿಟ್ಟುಕೊಟ್ಟರು. ಬದಲಿಗೆ ಅವರಿಗೆ ಸಿಕ್ಕದ್ದು ವಾಯಿ ಸೀಮೆಯ ಖಂಡಾಳ ಎಂಬ ಒಂದು ಹಳ್ಳಿ. ಪೇಟೆಗೆ ಮಾಲ್ಕಮ್ ಪೇಟೆ ಎಂದೇ ಹೆಸರಾಯಿತು. ಹತ್ತೇ ವರ್ಷಕ್ಕೆ, 1839ರಲ್ಲಿ, ಅದೇ ಕಂಪನಿ ಪ್ರತಾಪಸಿಂಹರನ್ನು ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿತು. ಅವರು ಮರಳಿ ಬರಲಿಲ್ಲ, 1847ರಲ್ಲಿ ಅಲ್ಲೇ ತೀರಿಕೊಂಡರು. ಪಾಯಿಂಟುಗಳನ್ನು ನೋಡಿ ಫೋಟೋ ತೆಗೆಸಿಕೊಂಡು ಬರುವ ನಮ್ಮ ಜನಕ್ಕೆ ಈ ಸಂಗತಿ ಯಾರಾದರೂ ಹೇಳಲಿ ಎಂದು ನನಗೆ ಆಸೆ. ವೇಣ್ಣಾ ಕೆರೆಯಲ್ಲಿ ದೋಣಿ ಹತ್ತುವವರಿಗೂ ಅಷ್ಟೆ: 1842ರಲ್ಲಿ ಆ ಕೆರೆ ಕಟ್ಟಿಸಿದವರು ಪ್ರತಾಪಸಿಂಹರ ತಮ್ಮ ಅಪ್ಪಾಸಾಹೇಬರು.

ಇಂಗ್ಲಿಷರು ಬರುವ ಮೊದಲು ಅದು ಬರಿಯ ಕಾಡಾಗಿತ್ತೆಂದು ತಿಳಿಯಬಾರದು. ಹಳೆಯ ಕ್ಷೇತ್ರ ಮಹಾಬಳೇಶ್ವರದಲ್ಲಿ ಕೃಷ್ಣೆ ಹುಟ್ಟುವ ಕಡೆ 13ನೇ ಶತಮಾನದಲ್ಲೇ ದೇವಗಿರಿಯ ಯಾದವ ಸಿಂಘಣ ಕಲ್ಲಿನ ಕಟ್ಟಡ ಕಟ್ಟಿಸಿದ್ದ. ಕನ್ನಡ ನಾಡಿನ ದೊಡ್ಡ ಭಾಗವನ್ನೂ ಆಳಿದ ಆ ಅರಸನ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಅಲ್ಲಿ ಹುಟ್ಟಿದ ನೀರು ವಾಯಿ, ಕರಾಡ ಹಾದು ನಮ್ಮ ಸಾಂಗಲಿಗೆ ಬರುತ್ತದೆ, ಹರಿಪುರದ ಸಂಗಮೇಶ್ವರನ ಎದುರು ವಾರಣೆಯನ್ನು ಕೂಡಿಕೊಳ್ಳುತ್ತದೆ.

ಮುಂಬಯಿ ಸರ್ಕಾರ ವರ್ಷವನ್ನು ಮೂರು ಊರಿಗೆ ಹಂಚಿತ್ತು. ಚಳಿಗಾಲ ಮುಂಬಯಿಯಲ್ಲಿ, ಮಳೆಗಾಲ ಪುಣೆಯಲ್ಲಿ, ಬೇಸಿಗೆ ಮಹಾಬಳೇಶ್ವರದಲ್ಲಿ. ಗವರ್ನರು ಹೊರಟರೆಂದರೆ ಕಾರ್ಯದರ್ಶಿಗಳು ಹೊರಟರು, ಅವರ ಕಾರಕೂನರು ಹೊರಟರು, ಕಟ್ಟುಕಟ್ಟು ಕಾಗದಪತ್ರ ಹೊರಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಲೆಕ್ಟರರು ಏಪ್ರಿಲ್‌ನಲ್ಲಿ ಮಂಜೂರಿ ಕೇಳಿ ಬರೆದ ಕಾಗದ ಘಾಟು ಹತ್ತಲೇಬೇಕು. ನಮ್ಮ ಸಾಂಗಲಿ ಸಂಸ್ಥಾನದ್ದು ಇನ್ನೂ ಉದ್ದದ ದಾರಿ. 1801ರಲ್ಲಿ ಚಿಂತಾಮಣರಾವ ಪಟವರ್ಧನರು ಮಿರಜದಿಂದ ಪಾಲು ತೆಗೆದುಕೊಂಡು ಕಟ್ಟಿದ ಈ ಸಂಸ್ಥಾನದ ತಾಲೂಕುಗಳು ಒಂದೆಡೆ ಇರಲಿಲ್ಲ. ತೇರದಾಳ ಕೃಷ್ಣೆಯ ಕೆಳಗಣ ಸೀಮೆ, ಶಹಾಪುರ ಬೆಳಗಾವಿಯ ಮಗ್ಗುಲು, ಶಿರಹಟ್ಟಿ ಗದಗಿನ ಆಚೆ. ಶಿರಹಟ್ಟಿಯ ರೈತನ ತಕರಾರು ಸಾಂಗಲಿಗೆ ಬರಬೇಕು. ಅಲ್ಲಿ ತೀರದಿದ್ದರೆ ಕೊಲ್ಲಾಪುರದ ಪೊಲಿಟಿಕಲ್ ಏಜೆಂಟನ ಮೇಜಿಗೆ, ಅಲ್ಲಿಂದ ಮುಂಬಯಿ ಸರ್ಕಾರಕ್ಕೆ. ಬೇಸಿಗೆಯಾದರೆ ಆ ಸರ್ಕಾರ 4,500 ಅಡಿ ಎತ್ತರದಲ್ಲಿ ಕುಳಿತಿರುತ್ತಿತ್ತು. ಆ ರೈತ ಬಿಸಿಲಲ್ಲಿ ಕಾಯುತ್ತಿದ್ದ.

ರೈಲು ಬರುವ ಮೊದಲು ಈ ಕಾಗದ ಹೊತ್ತವರು ಹರಕಾರರು. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಒಬ್ಬ ತನ್ನ ಹಂತ ಓಡಿ ಮುಗಿಸಿದರೆ ಮುಂದಿನವನು ಹೆಗಲು ಕೊಡುತ್ತಿದ್ದ. ರೈಲು ಬಂದ ಮೇಲೆ ವಾಠಾರದಿಂದ ಟಪಾಲು ಟಾಂಗಾ ಹೊರಟಿತು. ಹಂತಹಂತಕ್ಕೆ ಕುದುರೆ ಬದಲು, ಎದುರಿನ ಗಾಡಿಗಳು ಬದಿಗೆ ಸರಿಯಲೆಂದು ಕಹಳೆ. ಪಸರಣಿ ಘಾಟಿನ ತಿರುವುಗಳನ್ನು ಬಸ್ಸಿನಲ್ಲಿ ಹತ್ತುವಾಗ ಈಗಲೂ ಇಂಜಿನ್ ಏದುಸಿರು ಬಿಡುತ್ತದೆ. ಅಂಥ ಏರಿನಲ್ಲಿ ಚೀಲ ಹೊತ್ತ ಆ ಮನುಷ್ಯರಿಗೂ ಕುದುರೆಗಳಿಗೂ ಮಹಾಬಳೇಶ್ವರದಲ್ಲಿ ಒಂದು ಕಲ್ಲಿಲ್ಲ. ಅಲ್ಲಿ ಒಂದು ಎತ್ತರದ ಕಲ್ಲುಕಂಬವಿದೆ, ಅದು 1831ರ ಜನವರಿಯಲ್ಲಿ ಬೆಟ್ಟದ ಮೇಲೆಯೇ ತೀರಿಕೊಂಡ ಗವರ್ನರ್ ಬೆಕ್‌ವಿತ್‌ನದು.

ಊರು ಕಟ್ಟಿದವರಲ್ಲಿ ಕೈದಿಗಳೂ ಇದ್ದರು. ಮಲಯ ಸೀಮೆಯ ಇಂಗ್ಲಿಷ್ ವಸಾಹತುಗಳಿಂದ ಶಿಕ್ಷೆಯಾಗಿ ಬಂದ ಚೀನೀಯರು, ಮಲಯರು. ಅವರಿಗಾಗಿ ಅಲ್ಲೊಂದು ಸೆರೆಮನೆಯಿತ್ತು. ಅವರು ರಸ್ತೆ ಕಡಿದರು, ಜಲಪಾತದ ಹತ್ತಿರ ತೋಟ ಮಾಡಿದರು, ಸಾಹೇಬರ ಊಟಕ್ಕೆ ಆಲೂಗಡ್ಡೆ, ತರಕಾರಿ ಬೆಳೆದರು. ಅಲ್ಲಿಯ ಬೆತ್ತದ ಕೆಲಸವೂ ಅವರು ಕಲಿಸಿದ್ದೇ ಎನ್ನುತ್ತಾರೆ. 1864ರಲ್ಲಿ ಆ ಸೆರೆಮನೆ ಮುಚ್ಚಿತು. ಸಮುದ್ರದಾಚೆಯ ತಮ್ಮ ಮನೆಗೆ ಒಂದು ಓಲೆ ಬರೆಯಲು ಅವರಿಗೆ ಸಾಧ್ಯವಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದೇ ಬೆಟ್ಟದಲ್ಲಿ ಕಬ್ಬಿಣ ಕರಗಿಸಿ ಬದುಕುತ್ತಿದ್ದ ಧಾವಡರೂ ಇದ್ದರು. ಕಾಡಿನ ಕಟ್ಟಳೆ ಬಿಗಿಯಾದಂತೆ ಅವರ ಕುಲುಮೆಗಳು ಆರಿದವು.

ಜೂನ್ ಬಂತೆಂದರೆ ಬೆಟ್ಟ ಬರಿದಾಗುತ್ತಿತ್ತು. ಅಲ್ಲಿಯ ಮಳೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುತ್ತದೆ. ನಮ್ಮ ಸಾಂಗಲಿ-ಮಿರಜದಲ್ಲಿ 600ರ ಆಸುಪಾಸು. ಗೋಡೆ ನೆನೆಯದಂತೆ ಮನೆಗಳಿಗೆ ಹುಲ್ಲಿನ ತಟ್ಟಿ ಕಟ್ಟಿ, ಬಂಗಲೆಗಳಿಗೆ ಬೀಗ ಹಾಕಿ, ಸರ್ಕಾರ ಪುಣೆಗೆ ಇಳಿಯುತ್ತಿತ್ತು. ಉಳಿಯುತ್ತಿದ್ದವರು ಕಾವಲುಗಾರರು, ಕೋಳಿ ಜನಾಂಗದವರು, ಧಾವಡರು, ಮತ್ತು ಇಳಿಯಲು ಬೇರೆ ಊರಿಲ್ಲದವರು.

ಮಹಾಬಳೇಶ್ವರಕ್ಕಿಂತ ಹನ್ನೆರಡು ಮೈಲಿ ಈಚೆಗಿರುವ ಪಂಚಗಣಿಯದು ಬೇರೆ ಸ್ವಭಾವ. ಅಲ್ಲಿ ಮಳೆ ಬಹಳ ಕಡಿಮೆ, ವರ್ಷಪೂರ್ತಿ ಇರಬಹುದು. 19ನೇ ಶತಮಾನದ ನಡುವೆ ಜಾನ್ ಚೆಸ್ಸನ್ ಎಂಬುವನು ಅಲ್ಲಿ ಮನೆ ಹೂಡಿ ಸಿಲ್ವರ್ ಓಕ್ ನೆಡಿಸಿದ. 1912ರಲ್ಲಿ ಮುಂಬಯಿಯ ಡಾಕ್ಟರ್ ಬಿಲಿಮೋರಿಯಾ ಕ್ಷಯರೋಗಿಗಳಿಗಾಗಿ ಬೆಲ್ ಏರ್ ಆರೋಗ್ಯಧಾಮ ತೆರೆದರು. ಕ್ಷಯಕ್ಕೆ ಔಷಧ ಇಲ್ಲದ ಕಾಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಮಿರಜದಲ್ಲಿ ಡಾಕ್ಟರ್ ವಾನ್ಲೆಸ್ 1894ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಗೆ ರೈಲಿನಲ್ಲಿ ದೂರದೂರದ ರೋಗಿಗಳು ಬರುತ್ತಿದ್ದರು. ಮುಂದೆ ಸಾಂಗಲಿ-ಮಿರಜದ ನಡುವಣ ವಾನ್ಲೆಸ್‌ವಾಡಿಯಲ್ಲೂ ಕ್ಷಯದ ಆರೋಗ್ಯಧಾಮವಾಯಿತು. ಆದರೂ ಬೆಟ್ಟದ ಗಾಳಿಯ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ.

ನಮ್ಮ ಸಣ್ಣಜ್ಜ, ಅಂದರೆ ಅಜ್ಜನ ತಮ್ಮ, ಹಾಗೆ ಪಂಚಗಣಿಗೆ ಹೋದವರು. ಸಾಂಗಲಿಯ ಅರಿಷಿಣ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕೆಮ್ಮಿನಲ್ಲಿ ರಕ್ತ ಕಂಡಿತು. ಮಾಲಕರು ಬಿಡಿಸಬಹುದಿತ್ತು, ಬಿಡಿಸಲಿಲ್ಲ. ಪಂಚಗಣಿ ಬಜಾರದ ಹಿಂದೆ ಒಂದು ಕೋಣೆ ಹಿಡಿದುಕೊಟ್ಟು, ಲೆಕ್ಕವನ್ನೇ ಬೆಟ್ಟಕ್ಕೆ ಕಳಿಸತೊಡಗಿದರು. ಅಂಗಡಿಯಲ್ಲಿ ದಿನದ ವ್ಯವಹಾರವನ್ನು ಚೀಟಿಗಳ ಮೇಲೆ ಬರೆದು ಲಕೋಟೆಗೆ ಹಾಕಿದರೆ, ಸಣ್ಣಜ್ಜ ಅಲ್ಲಿ ಕೂತು ಕಿರ್ದಿ ಬರೆದು, ಖಾತೆಗೆ ಏರಿಸಿ, ತಪ್ಪು ಕಂಡಲ್ಲಿ ಪ್ರಶ್ನೆ ಹಾಕಿ ತಿರುಗಿ ಕಳಿಸುವರು. ಆ ಚೀಟಿಗಳ ಒಂದು ಕಟ್ಟು ನಮ್ಮ ಮನೆಯಲ್ಲಿದೆ. ಹಳದಿಗಟ್ಟಿದ ತೆಳುಕಾಗದ, ಕಾಪಿ ಪೆನ್ಸಿಲ್ಲಿನ ನೇರಳೆ ಅಕ್ಷರ. ಹರಿಪುರದ ಯಾವ ಹಗೇವಿನಿಂದ, ಅಂದರೆ ನೆಲದಡಿಯ ಕಣಜದಿಂದ, ಎಷ್ಟು ಮಣ ಅರಿಷಿಣ ತೆಗೆದರು, ಹಮಾಲಿ ಎಷ್ಟು, ಯಾರ ಬಾಕಿ ಎಷ್ಟು. ಒಂದರ ಬೆನ್ನಿಗೆ ಸಣ್ಣಜ್ಜ ಬರೆದಿದ್ದಾರೆ: ಇದೇ ಹಗೇವಿನಿಂದ ಹೋದ ತಿಂಗಳು ತೆಗೆದ ಮಾಲೂ ಇಂದಿನ ಮಾಲೂ ಕೂಡಿಸಿದರೆ ಒಳಗೆ ತುಂಬಿದ್ದಕ್ಕಿಂತ ಹೆಚ್ಚಾಗುತ್ತದೆ, ಹೋಗಿ ನೋಡಿರಿ. ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ. ಮನೆಗೆ ಬರೆದ ಪತ್ರಗಳು ಕನ್ನಡದಲ್ಲಿ.

ಆ ಪತ್ರ ಬಂದ ದಿನ ನಮ್ಮ ಅಜ್ಜಿ ಅದನ್ನು ಇಕ್ಕಳದಲ್ಲಿ ಹಿಡಿದು ಅಂಗಳದ ಬಿಸಿಲಿಗೆ ಇಡುತ್ತಿದ್ದಳಂತೆ. ಸಂಜೆಯವರೆಗೆ ಯಾರೂ ಮುಟ್ಟಬಾರದು. ಸಣ್ಣಜ್ಜನ ಹೆಂಡತಿ ಬಾಗಿಲಲ್ಲಿ ಕುಳಿತು ಆ ಲಕೋಟೆಯನ್ನೇ ನೋಡುತ್ತಿದ್ದಳು. ತಿಂಗಳ ಮೊದಲ ವಾರ ಅಂಗಡಿಯಿಂದ ಪಂಚಗಣಿಗೆ ಒಂದು ಮನಿಯಾರ್ಡರು, ಪಂಚಗಣಿಯಿಂದ ಅದರಲ್ಲೇ ಉಳಿಸಿದ ಒಂದು ಸಣ್ಣ ಮನಿಯಾರ್ಡರು ಇವಳಿಗೆ. 1880ರಲ್ಲಿ ಟಪಾಲು ಖಾತೆ ಶುರುಮಾಡಿದ ಈ ಮನಿಯಾರ್ಡರು ಎಷ್ಟು ಮನೆಗಳ ಒಲೆ ಉರಿಸಿತೋ ನಾನು ಹೇಳಲಾರೆ. ನಮ್ಮ ಮನೆಯದನ್ನು ಉರಿಸಿತು. ಮಹಾಯುದ್ಧ ಶುರುವಾಗುವ ಹೊತ್ತಿಗೆ ಸಣ್ಣಜ್ಜ ಇಳಿದು ಬಂದರು, ಬದುಕಿಕೊಂಡರು. ಅದೇ ಅಂಗಡಿಯ ಗಾದಿಯ ಮೇಲೆ ಅದೇ ಜಾಗ ಅವರಿಗಾಗಿ ಕಾದಿತ್ತು. ಆ ಮಾಲಕರನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ.

ಬೆಟ್ಟದಲ್ಲಿ ಕುಳಿತು ಆಳುವುದರ ಬಗ್ಗೆ ಗಾಂಧೀಜಿ 1921ರಲ್ಲಿ ಶಿಮ್ಲಾ ನೋಡಿ ಬಂದು ಕಟುವಾಗಿ ಬರೆದಿದ್ದರು. ಐನೂರನೆಯ ಮಾಳಿಗೆಯ ಮೇಲೆ ಅಂಗಡಿ ಇಟ್ಟವನಿಗೆ ಕೆಳಗಿನ ಗಿರಾಕಿಯ ಸುಖದುಃಖ ಹೇಗೆ ಗೊತ್ತಾದೀತು ಎಂಬುದು ಅವರ ಮಾತಿನ ತಿರುಳು. 1944ರ ಮೇ ತಿಂಗಳಲ್ಲಿ ಸೆರೆಯಿಂದ ಬಿಡುಗಡೆಯಾದಾಗ ಅವರ ದೇಹ ಬಹಳ ಇಳಿದುಹೋಗಿತ್ತು. ಕಸ್ತೂರಬಾ ಸೆರೆಯಲ್ಲೇ ತೀರಿಹೋಗಿದ್ದರು. ಜುಲೈನಲ್ಲಿ ಅವರನ್ನು ಪಂಚಗಣಿಗೆ ಕರೆತಂದರು, ದಿಲ್‌ಖುಷ್ ಎಂಬ ಬಂಗಲೆಗೆ. ವಿಶ್ರಾಂತಿಗೆಂದು ಬಂದವರು ಅಲ್ಲಿಂದಲೇ ದೇಶದ ಕೆಲಸಕ್ಕೆ ಕೂತರು. ಲಂಡನ್ ಪತ್ರಿಕೆಯ ವರದಿಗಾರ ಸ್ಟುವರ್ಟ್ ಗೆಲ್ಡರ್ ಅಲ್ಲಿಗೇ ಬಂದು ಮಾತಾಡಿಸಿದ. ಜುಲೈ 17ರಂದು ಜಿನ್ನಾ ಅವರಿಗೊಂದು, ಬ್ರಿಟನ್ ಪ್ರಧಾನಿ ಚರ್ಚಿಲ್ ಅವರಿಗೊಂದು ಪತ್ರ ಬರೆದರು. ಚರ್ಚಿಲ್‌ಗೆ ಬರೆದದ್ದು ದಾರಿಯಲ್ಲೆಲ್ಲೋ ತಪ್ಪಿಹೋಯಿತು, ಸೆಪ್ಟೆಂಬರಿನಲ್ಲಿ ಅದರ ಪ್ರತಿಯನ್ನು ಮತ್ತೆ ಕಳಿಸಬೇಕಾಯಿತು. ಅರಗಿನ ಮುಂದೆ ಆಯುಷ್ಯ ಕಳೆದ ನನಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಪತ್ರ ಸಮಯಕ್ಕೆ ಮುಟ್ಟಿದ್ದರೆ ಏನಾದರೂ ಬದಲಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಬರೆದ ಪತ್ರ ಮುಟ್ಟಬೇಕು, ಅಷ್ಟೆ.

ನನ್ನ ಮಗಳ ಮಗಳು ಈಗ ಭಿಲಾರದಲ್ಲಿದ್ದಾಳೆ, ಪಂಚಗಣಿಗೂ ಮಹಾಬಳೇಶ್ವರಕ್ಕೂ ನಡುವೆ. ಸ್ಟ್ರಾಬೆರಿ ಬೆಳೆಯುವ ಊರು. 2017ರಲ್ಲಿ ಅದನ್ನು ಪುಸ್ತಕಗಳ ಊರು ಮಾಡಿ, ಹಲವು ಮನೆಗಳಲ್ಲಿ ಓದುವ ಕೋಣೆ ತೆರೆದಿದ್ದಾರೆ. ಪುಣೆಯ ಒಂದು ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಅಲ್ಲಿಂದಲೇ ಮಾಡುತ್ತಾಳೆ. ಬೇಸಿಗೆಯಲ್ಲಿ ಅವಳ ಮಾತು ಕೇಳಿದರೆ ನನಗೂ ಹೋಗಿ ಇರಬೇಕೆನಿಸುತ್ತದೆ. ಮಳೆಗಾಲದಲ್ಲಿ ಫೋನು ತುಂಡುತುಂಡಾಗಿ ಬರುತ್ತದೆ.

“ಅಜ್ಜಾ, ಎದುರಿನ ಮನಿ ಕಾಣ್ವಲ್ದು, ಹಂಗ ಮಂಜ ಬಿದ್ದೈತಿ. ಲೈಟಿಲ್ಲ. ಮಾಳಿಗಿ ಮ್ಯಾಲ ನಿಂತು ಮಾತಾಡಾಕತ್ತೀನಿ.”

“ನಿನ್ನ ಮೀಟಿಂಗ?”

“ಮನಿ ಮಾಲಕ್ರು ತಮ್ಮ ಜೀಪಿನ್ಯಾಗ ಪಂಚಗಣಿಗೆ ಬಿಡ್ತಾರ. ಅಲ್ಲಿ ರೇಂಜ್ ಐತಿ.”

ಆ ಮನೆ ಮಾಲಕರ ಹೆಸರನ್ನು ನಾನು ಕೇಳಿ ಬರೆದಿಟ್ಟುಕೊಂಡೆ. ಒಂದು ಸಲ ಹೋಗಿ ಅವರನ್ನು ಕಾಣಬೇಕು.

ಅವಳ ಫೋನು ಬಂದಾಗಲೆಲ್ಲ ನಾನು ಅಲ್ಲಿಯ ಮಳೆ ಕೇಳುತ್ತೇನೆ. ಮಹಾಬಳೇಶ್ವರದಲ್ಲಿ ಎಷ್ಟು ಬಿತ್ತು, ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ಸಾಂಗಲಿಯ ಐರ್ವಿನ್ ಸೇತುವೆಯ ಹತ್ತಿರ ಕೃಷ್ಣೆ ಎಷ್ಟು ಅಡಿ ಏರಿತು. ಜುಲೈ-ಆಗಸ್ಟಿನಲ್ಲಿ ಸಾಂಗಲಿಯವರ ಮಾತೆಲ್ಲ ಇಷ್ಟರಲ್ಲೇ ಇರುತ್ತದೆ. 45 ಅಡಿಗೆ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿ 57 ದಾಟಿತ್ತು. 2005ರ ನೆರೆಯಲ್ಲಿ ಹರಿಪುರದ ಹಗೇವುಗಳಿಗೆ ನೀರು ನುಗ್ಗಿ ಬಹಳಷ್ಟು ಹಾಳಾದವು. ಸಣ್ಣಜ್ಜ ಬೆಟ್ಟದಲ್ಲಿ ಕುಳಿತು ಲೆಕ್ಕ ಇಟ್ಟಿದ್ದ ಹಗೇವುಗಳು ಯಾವುವೆಂದು ಈಗ ತೋರಿಸುವವರಿಲ್ಲ.

ಹೋದ ದೀಪಾವಳಿಗೆ ಅವಳಿಗೆ ಒಂದು ಮಾತು ಹೇಳಿದೆ: ಫೋನು ಇರಲಿ, ಒಂದು ಅಂತರ್ದೇಶೀಯ ಬರಿ. ಬರೆದಳು. ವಿಳಾಸದ ಮೇಲೆ ನಮ್ಮ ಮಿರಜದ 416410, ಕಳಿಸಿದವರ ಜಾಗದಲ್ಲಿ ಪಂಚಗಣಿಯ 412805. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಸಾತಾರೆ ಊರಿನದು 415ರಿಂದ ಶುರುವಾದರೆ, ಅದೇ ಜಿಲ್ಲೆಯ ವಾಯಿ, ಪಂಚಗಣಿ, ಮಹಾಬಳೇಶ್ವರ ಪುಣೆ ಸುತ್ತಲಿನ ಊರುಗಳ ಹಾಗೆ 412ರಲ್ಲಿವೆ. ಬೆಟ್ಟದ ಕಾಗದಪತ್ರ ಪುಣೆಯ ಕಡೆಗೇ ಮುಖ ಮಾಡಿದ್ದ ಆ ಹಳೆಯ ದಿನಗಳ ಗುರುತು ಇದರಲ್ಲಿದೆ ಎಂದು ನಾನು ತಿಳಿದಿದ್ದೇನೆ. ಪತ್ರದಲ್ಲಿ ಅವಳು ಒಂದು ವಿಷಯ ಕೇಳಿದ್ದಳು: ಸಣ್ಣಜ್ಜ ಇದ್ದ ಕೋಣೆ ಬಜಾರದ ಯಾವ ಕಡೆಗಿತ್ತು? ಚೀಟಿಗಳಲ್ಲಿ ಎಲ್ಲಾದರೂ ಗುರುತು ಸಿಕ್ಕೀತೇನೋ. ಮೋಡಿಯನ್ನು ನನಗಿಂತ ಚೆನ್ನಾಗಿ ಓದಬಲ್ಲ ಒಬ್ಬರು ವಾಯಿಯಲ್ಲಿದ್ದಾರೆ. ಚೀಟಿಗಳ ಕಟ್ಟನ್ನು ಈ ವಾರ ಪಾರ್ಸೆಲ್ ಮಾಡಿ ಅವರಿಗೆ ಕಳಿಸುತ್ತಿದ್ದೇನೆ.