ಬಾನಿನಿಂದ ಓದುವ ಮಲೆನಾಡ ಚರಿತ್ರೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರ ತಾಲ್ಲೂಕು ಸೇರುತ್ತಾಳೆ. ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಶಾಸನ, ಕೋಟೆ, ದೇಗುಲಗಳಿಂದ ತಿಳಿಯುವುದು ರೂಢಿ. ಆದರೆ ಇಲ್ಲಿನ ಕಾಡು, ಕೆರೆ, ತೋಟಗಳಲ್ಲೂ ಮನುಷ್ಯನ ಕೈಗುರುತಿದೆ. ಅದನ್ನು ಓದಲು ಉಪಗ್ರಹಗಳು ನೆರವಾಗುತ್ತವೆ.

ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆ ಸೇರಿದ್ದು 1988ರ ಮಾರ್ಚ್ 17ರಂದು. ಇಂತಹ ಉಪಗ್ರಹಗಳು ನೆಲದಿಂದ ಪ್ರತಿಫಲಿಸುವ ಬೆಳಕನ್ನಷ್ಟೇ ಅಲ್ಲ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ದಾಖಲಿಸುತ್ತವೆ. ಹಸಿರೆಲೆ ಈ ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ನೀರು ಬಹುಪಾಲು ಹೀರಿಕೊಳ್ಳುತ್ತದೆ. ಹೀಗಾಗಿ ಕಾಡು, ಗದ್ದೆ, ಕೆರೆಗಳು ಚಿತ್ರದಲ್ಲಿ ಬೇರೆ ಬೇರೆಯಾಗಿ ತೋರುತ್ತವೆ.

ಕೆಳದಿ ನಾಯಕರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, 17ನೇ ಶತಮಾನದಲ್ಲಿ ಬಿದನೂರಿಗೆ ಸಾಗಿತು. 1763ರಲ್ಲಿ ಹೈದರಾಲಿ ವಶಪಡಿಸಿಕೊಂಡ ಬಿದನೂರೇ ಇಂದಿನ ನಗರ. ಬೆಟ್ಟ, ಕಾಡು, ಕರಾವಳಿಗಿಳಿಯುವ ಘಟ್ಟದ ದಾರಿಗಳನ್ನು ಒಟ್ಟಾಗಿ ನೋಡಿದಾಗ ಈ ಸ್ಥಳದ ಮಹತ್ವ ತಿಳಿಯುತ್ತದೆ. ಕಾಡೇ ಕೋಟೆಯ ಹೊರಗೋಡೆಯಾಗಿತ್ತು. ಮೆಣಸಿನ ವ್ಯಾಪಾರ ಬೊಕ್ಕಸ ತುಂಬುತ್ತಿತ್ತು.

ಆದರೆ ಮೇಲಿನ ನೋಟ ಮೋಸವನ್ನೂ ಮಾಡಬಲ್ಲದು. ಮಲೆನಾಡಿನ ‘ಕಾನು’ಗಳು ಚಿತ್ರದಲ್ಲಿ ಬರಿಯ ದಟ್ಟ ಹಸಿರು. ನೆಲದ ಮೇಲೆ ಅವು ಊರಿನವರು ದೇವರ ಹೆಸರಿನಲ್ಲಿ ಕಾಪಾಡಿ, ಕಾಳುಮೆಣಸು ಬಿಡಿಸಿಕೊಂಡ ಕಾಡುಗಳು. ಸೊಪ್ಪಿನ ಬೆಟ್ಟಗಳು ಅಡಿಕೆ ತೋಟಕ್ಕೆ ಗೊಬ್ಬರ ಕೊಟ್ಟ ತಾಣಗಳು. ಅವನ್ನು ಮನುಷ್ಯ ಮುಟ್ಟದ ಅರಣ್ಯವೆಂದು ನಕ್ಷೆಯಲ್ಲಿ ಗುರುತಿಸಿದರೆ, ಅವನ್ನು ಕಾಪಾಡಿದವರ ಚರಿತ್ರೆಯೇ ಅಳಿಸಿಹೋಗುತ್ತದೆ.

ಹೊಸನಗರ ತಾಲ್ಲೂಕಿನ ನಿಲಸ್ಕಲ್‌ನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ನಿಲುವುಗಲ್ಲುಗಳಿವೆ. ಐಆರ್‌ಎಸ್-1ಎ ಒಂದು ಕ್ಯಾಮೆರಾದ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 72.5 ಮೀಟರ್ ಅಗಲದ ಜಾಗಕ್ಕೆ ಸಮ. ಅಂತಹ ಕಣ್ಣಿಗೆ ಈ ಕಲ್ಲುಗಳು ಬೀಳುವಂತಿಲ್ಲ. ಅನಂತರದ ಕಾರ್ಟೊಸ್ಯಾಟ್ ಉಪಗ್ರಹಗಳು ಒಂದು ಮೀಟರಿಗೂ ಚಿಕ್ಕ ವಿವರ ತೋರಿಸಬಲ್ಲವು. ಆದರೂ ಮರಗಳ ಕೆಳಗಿರುವುದನ್ನು ನೋಡಲು ಅಲ್ಲಿಗೇ ನಡೆದು ಹೋಗಬೇಕು.

ಇನ್ನು ಕೆಲವೆಡೆ ನಡೆದು ಹೋಗುವುದೂ ಸಾಧ್ಯವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು, ಗದ್ದೆ, ತೋಟಗಳು ಶರಾವತಿಯ ಹಿನ್ನೀರಿನಡಿ ಸೇರಿದವು. ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟೆಯೂ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ತಲೆಯೆತ್ತುತ್ತದೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. ಲ್ಯಾಂಡ್‌ಸ್ಯಾಟ್, ಐಆರ್‌ಎಸ್‌ಗಳು ಕಂಡದ್ದು ಬರಿಯ ನೀರನ್ನು. ಅದರಡಿಯ ಊರುಗಳನ್ನು ಗುರುತಿಸಲು ಹಳೆಯ ಸರ್ವೆ ನಕ್ಷೆಗಳು ಬೇಕು. ಮನೆ ಬಿಟ್ಟು ಬಂದ ಹಿರಿಯರ ನೆನಪೂ ಬೇಕು. ನಕ್ಷೆಗಳು ಕಚೇರಿಗಳಲ್ಲಿ ಕಾದಿರಬಹುದು. ನೆನಪು ಕಾಯುವುದಿಲ್ಲ.