ಮಕ್ಕಳಾಗಿಲ್ಲವೇ? ಸರ್ಕಾರಿ ಆಸ್ಪತ್ರೆಯೋ, ಖಾಸಗಿ ಐವಿಎಫ್ ಸೆಂಟರೋ: ದುಡ್ಡು ಕಟ್ಟೋ ಮುನ್ನ ತಿಳಿದಿರಲಿ

ಮದುವೆಯಾಗಿ ವರ್ಷ ಕಳೆದರೆ ಸಾಕು, ‘ಏನಾದ್ರೂ ವಿಶೇಷ ಇದೆಯಾ?’ ಅನ್ನೋ ಪ್ರಶ್ನೆ ಶುರು. ಆ ಒತ್ತಡಕ್ಕೆ ಎಷ್ಟೋ ದಂಪತಿ ತಾಲೂಕು ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತದೆ, ಜಾಹೀರಾತು ನೋಡಿ ನೇರವಾಗಿ ಸಿಟಿಯ ಐವಿಎಫ್ ಸೆಂಟರ್‌ಗೆ ಹೋಗ್ತಾರೆ. ಒಡವೆ ಅಡವಿಟ್ಟು ತಂದ ಹಣದಲ್ಲಿ ಒಂದು ಪಾಲು, ಸರ್ಕಾರಿ ಆಸ್ಪತ್ರೆಯಲ್ಲೇ ಆಗಬಹುದಿದ್ದ ಪರೀಕ್ಷೆಗಳಿಗೆ ಖರ್ಚಾಗಿರುತ್ತೆ.

ಗರ್ಭನಿರೋಧಕ ಬಳಸದೆ ಒಂದು ವರ್ಷ ಜೊತೆಗಿದ್ದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ಮುಟ್ಟು ಸರಿಯಾಗಿ ಆಗದಿದ್ದರೆ, ಹಿಂದೆ ಟಿಬಿ ಬಂದಿದ್ದರೆ ಕಾಯುವುದೇ ಬೇಡ. ಟಿಬಿಯಿಂದ ಗರ್ಭನಾಳ ಮುಚ್ಚಿಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ.

ಗಂಡನ ಪರೀಕ್ಷೆ ಮೊದಲು

ಸೊಸೆಯನ್ನಷ್ಟೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿಸುವ ಮನೆಗಳು ಈಗಲೂ ಇವೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನಲ್ಲೂ ತೊಂದರೆ ಇರುತ್ತೆ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಅಗ್ಗ, ನೋವಿಲ್ಲದ್ದು. 2ರಿಂದ 7 ದಿನ ಅಂತರವಿಟ್ಟು ಕೊಡಬೇಕು. ಒಂದು ರಿಪೋರ್ಟ್ ಕೆಟ್ಟದಾಗಿ ಬಂತೆಂದು ಎದೆಗುಂದಬೇಕಿಲ್ಲ, ಮತ್ತೊಮ್ಮೆ ಮಾಡಿಸಬೇಕು. ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಗುಟ್ಕಾ, ಸಿಗರೇಟು, ಕುಡಿತ ಬಿಟ್ಟರೆ ಅದರ ಫಲ ಕಾಣೋದೂ ಆಮೇಲೇ.

ಥೈರಾಯ್ಡ್, ಶುಗರ್, ಸ್ಕ್ಯಾನಿಂಗ್ ಇವೆಲ್ಲ ತಾಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲೇ ಕೇಳಬಹುದು. ಇಲ್ಲಿ ಆಗದ್ದಕ್ಕೆ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಚೀಟಿ ಬರೆಸಿಕೊಳ್ಳಬೇಕು. ಗರ್ಭನಾಳ ತೆರೆದಿದೆಯಾ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌-ರೇ ಮುಟ್ಟು ನಿಂತ ಕೆಲವೇ ದಿನಗಳೊಳಗೆ ಆಗಬೇಕು, ಆ ಲೆಕ್ಕ ನೋಡಿಯೇ ದಿನಾಂಕ ಕೇಳಿ. ಅಂಡಾಣು ಸರಿಯಾಗಿ ಬಿಡುಗಡೆಯಾಗದ, ಪಿಸಿಒಎಸ್ ಇರುವ ಎಷ್ಟೋ ಮಹಿಳೆಯರಿಗೆ ಲೆಟ್ರೊಜೋಲ್‌ನಂಥ ಕಡಿಮೆ ಬೆಲೆಯ ಮಾತ್ರೆಯಲ್ಲೇ ಗರ್ಭ ನಿಲ್ಲುತ್ತೆ. ಮೆಡಿಕಲ್ ಶಾಪಿನಲ್ಲಿ ತಾವಾಗಿಯೇ ಕೊಂಡು ನುಂಗುವ ಮಾತ್ರೆಯಲ್ಲ ಇದು.

ಸರ್ಕಾರಿ ಕಡೆಯ ದೊಡ್ಡ ತೊಂದರೆ ಸಮಯ. ಅಂಡಾಣು ಬೆಳವಣಿಗೆ ನೋಡುವ ಸ್ಕ್ಯಾನ್ ಒಂದೇ ತಿಂಗಳಲ್ಲಿ ಮೂರ್ನಾಲ್ಕು ಸಲ, ನಿಗದಿತ ದಿನವೇ ಆಗಬೇಕು. ಅಂಗಡಿ ಬಾಗಿಲು ಹಾಕಿ ಕ್ಯೂ ನಿಂತು, ‘ನಾಳೆ ಬನ್ನಿ’ ಅನ್ನಿಸಿಕೊಂಡರೆ ಆ ತಿಂಗಳೇ ಹೋಯ್ತು. ಅಂಥ ಕಡೆ ಸ್ಕ್ಯಾನ್ ಮಾತ್ರ ಹೊರಗೆ ಮಾಡಿಸಿ, ಚಿಕಿತ್ಸೆ ಸರ್ಕಾರಿ ವೈದ್ಯರ ಹತ್ತಿರವೇ ಮುಂದುವರಿಸಿದರೂ ಆಗುತ್ತೆ.

ಯಾವಾಗ ಖಾಸಗಿಗೆ?

ಎರಡೂ ಗರ್ಭನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆ ಇದ್ದರೆ, ಹೆಂಡತಿಗೆ 37–38 ಆಗಿದ್ದರೆ ‘ಇನ್ನೊಂದು ವರ್ಷ ನೋಡೋಣ’ ಅನ್ನೋದು ದುಬಾರಿ. ವಯಸ್ಸಾದಂತೆ ಅಂಡಾಣುವಿನ ಸಂಖ್ಯೆಯೂ ಗುಣಮಟ್ಟವೂ ಇಳಿಯುತ್ತವೆ, ಆಮೇಲೆ ಎಷ್ಟು ದುಡ್ಡು ಸುರಿದರೂ ಅದು ವಾಪಸ್ ಬರಲ್ಲ. ದೇಶದಲ್ಲಿ ಸರ್ಕಾರಿ ಐವಿಎಫ್ ಕೇಂದ್ರಗಳು ಬೆರಳೆಣಿಕೆಯಷ್ಟು. ಪಕ್ಕದ ಗೋವಾ ಮೆಡಿಕಲ್ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಶುರುವಾಯ್ತು. ಹೊರಗಿನವರಿಗೂ ಉಂಟಾ ಅಂತ ಕೇಳಿಕೊಂಡೇ ಬಸ್ ಹತ್ತಬೇಕು.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂದುಕೊಂಡು ಹೋಗಬೇಡಿ, ಬಂಜೆತನ ಚಿಕಿತ್ಸೆ ಆ ಯೋಜನೆಯಲ್ಲಿಲ್ಲ. ಖಾಸಗಿಯಲ್ಲಿ ಐವಿಎಫ್‌ನ ಒಂದು ಸುತ್ತಿಗೆ ಲಕ್ಷದ ಮೇಲೇ ಖರ್ಚು. ‘ಪ್ಯಾಕೇಜ್’ನಲ್ಲಿ ಇಂಜೆಕ್ಷನ್, ಭ್ರೂಣ ಫ್ರೀಜಿಂಗ್, ಎರಡನೇ ಸಲ ಭ್ರೂಣ ಹಾಕುವ ಖರ್ಚು ಸೇರಿದೆಯಾ ಅನ್ನೋದನ್ನು ಬರೆಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಮಗು ಆಗದವರೇ ಹೆಚ್ಚು. ಹೀಗಿರುವಾಗ ‘100% ಗ್ಯಾರಂಟಿ’ ಅನ್ನುವವರನ್ನು ನಂಬೋದು ಹೇಗೆ?

2021ರ ಎಆರ್‌ಟಿ ಕಾಯ್ದೆ ಪ್ರಕಾರ ಇಂಥ ಕ್ಲಿನಿಕ್‌ಗಳಿಗೆ ನೋಂದಣಿ ಕಡ್ಡಾಯ, ಪ್ರಮಾಣಪತ್ರ ಕಾಣುವ ಹಾಗೆ ತೂಗುಹಾಕಿರಬೇಕು. ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವಯಸ್ಸಿನ ಮಿತಿ. ಖರ್ಚು, ಯಶಸ್ಸಿನ ಸಾಧ್ಯತೆ, ಅಡ್ಡಪರಿಣಾಮ, ಅವಳಿ ಗರ್ಭದ ಅಪಾಯ ಎಲ್ಲವನ್ನೂ ಮೊದಲೇ ತಿಳಿಸುವುದು ಕ್ಲಿನಿಕ್‌ನ ಕರ್ತವ್ಯ. ‘ಗಂಡು ಮಗುವೇ ಮಾಡಿಕೊಡ್ತೀವಿ’ ಅಂದರೆ ಅದು ಅಪರಾಧ.

ಎಲ್ಲಿಗೇ ಹೋದರೂ ಹಳೇ ರಿಪೋರ್ಟು, ಎಕ್ಸ್‌-ರೇ ಫಿಲ್ಮ್, ನುಂಗಿದ ಮಾತ್ರೆಯ ಚೀಟಿ ಒಂದೇ ಫೈಲಿನಲ್ಲಿರಲಿ. ಫೈಲ್ ನೋಡದೆ ಎಲ್ಲಾ ಟೆಸ್ಟ್ ಮತ್ತೆ ಬರೆದುಕೊಟ್ಟರೆ, ಯಾಕೆ ಅಂತ ಕೇಳಿ.